ಸುಂಕದ ಗೋಡೆ, ಬಸಿದ ಗದ್ದೆ

2026ರ ಫೆಬ್ರವರಿ 1ರಿಂದ ಪಾನ್ ಮಸಾಲದ ಮೇಲಿನ ತೆರಿಗೆಯ ಸ್ವರೂಪವೇ ಬದಲಾಗಿದೆ. ಅಡಿಕೆ ಸುಲಿದು, ಬೇಯಿಸಿ, ಅಟ್ಟದ ಮೇಲೆ ಹರಡಿ ಒಣಗಿಸುವ ಸುಗ್ಗಿಯ ಕೊನೆಯ ದಿನಗಳಲ್ಲಿ ಜಾರಿಗೆ ಬಂದ ಈ ಬದಲಾವಣೆಯ ಕುರಿತು ಮಲೆನಾಡಿನಲ್ಲಿ ನಡೆಯಬೇಕಿದ್ದಷ್ಟು ಚರ್ಚೆ ನಡೆಯಲಿಲ್ಲ. ಪಾನ್ ಮಸಾಲ ಕಾರ್ಖಾನೆಗಳ ವಸ್ತು, ತೋಟಿಗರಿಗೂ ಅದಕ್ಕೂ ಏನು ಸಂಬಂಧ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಆದರೆ ಮಲೆನಾಡಿನ ಕೆಂಪಡಿಕೆಯ ಬಹುಪಾಲು ಲಾರಿಯೇರಿ ಉತ್ತರಕ್ಕೆ ಹೋಗುವುದು ಯಾರ ತಾಂಬೂಲಕ್ಕಾಗಿಯೂ ಅಲ್ಲ, ಈ ಪೊಟ್ಟಣಗಳಿಗಾಗಿಯೇ ಎಂಬುದನ್ನು ಬಲ್ಲದ ಬೆಳೆಗಾರರಿಲ್ಲ.

ಬದಲಾವಣೆ ಇಷ್ಟು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಪಾನ್ ಮಸಾಲಕ್ಕೆ ಶೇಕಡಾ 28ರ ಗರಿಷ್ಠ ದರವನ್ನೂ, ಅದರ ಮೇಲೆ ಪರಿಹಾರ ಸೆಸ್ಸನ್ನೂ ವಿಧಿಸಲಾಯಿತು. ರಾಜ್ಯಗಳ ವರಮಾನ ನಷ್ಟವನ್ನು ತುಂಬಿಕೊಡಲು ಐದು ವರ್ಷಗಳಿಗೆಂದು ಹುಟ್ಟಿದ ಈ ಸೆಸ್, ಕೋವಿಡ್ ಕಾಲದಲ್ಲಿ ಮಾಡಿದ ಸಾಲ ತೀರಿಸುವ ಕಾರಣದಿಂದ ಮುಂದುವರಿಯಿತು. 2025ರ ಸೆಪ್ಟೆಂಬರ್ 22ರಂದು ಇತರ ವಸ್ತುಗಳ ಮೇಲೆ ಅದು ರದ್ದಾದರೂ ಪಾನ್ ಮಸಾಲ ಮತ್ತು ತಂಬಾಕಿನ ಮೇಲೆ ಉಳಿಯಿತು. ಆ ವರ್ಷದ ಡಿಸೆಂಬರಿನಲ್ಲಿ ಸಂಸತ್ತು ಎರಡು ಕಾನೂನುಗಳನ್ನು ಅಂಗೀಕರಿಸಿತು. ಒಂದರ ಪ್ರಕಾರ ತಂಬಾಕಿನ ಉತ್ಪನ್ನಗಳ ಮೇಲೆ ಕೇಂದ್ರ ಅಬಕಾರಿ ಸುಂಕ ಹೆಚ್ಚಿತು. ಇನ್ನೊಂದರ ಪ್ರಕಾರ ಪಾನ್ ಮಸಾಲದ ಮೇಲೆ ಆರೋಗ್ಯ ಮತ್ತು ರಾಷ್ಟ್ರೀಯ ಭದ್ರತೆಯ ಹೆಸರಿನ ಹೊಸ ಸೆಸ್ ಬಂದಿತು. ಈಗ ಪಾನ್ ಮಸಾಲಕ್ಕೆ ಶೇಕಡಾ 40ರ ಜಿಎಸ್‌ಟಿ, ಅದರ ಜೊತೆಗೆ ಈ ಸೆಸ್. ಹೊಸ ಸೆಸ್ಸನ್ನು ಮಾರಾಟವಾದ ಸರಕಿನ ಮೇಲಲ್ಲ, ಪೊಟ್ಟಣ ಕಟ್ಟುವ ಯಂತ್ರದ ವೇಗ ಮತ್ತು ಪೊಟ್ಟಣದ ತೂಕದ ಮೇಲೆ ಲೆಕ್ಕ ಹಾಕಲಾಗುತ್ತದೆ. ಲೆಕ್ಕಕ್ಕೆ ಸಿಗದೆ ಮಾರಾಟವಾಗುವ ಸರಕು ಅಷ್ಟಿರುವ ಉದ್ಯಮದಲ್ಲಿ ಸರ್ಕಾರ ಬಿಲ್ಲುಗಳನ್ನು ನಂಬುವುದನ್ನು ಬಿಟ್ಟು ಯಂತ್ರವನ್ನೇ ಎಣಿಸಲು ಹೊರಟಿದೆ ಎನ್ನಬಹುದು.

ಇದು ಸರ್ಕಾರದ ಒಂದು ಕೈ. ಈ ಸೇವನೆ ಆರೋಗ್ಯಕ್ಕೆ ಹಾನಿಕರ, ಆದ್ದರಿಂದ ದುಬಾರಿಯಾಗಬೇಕು ಎಂದು ಅದು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ತಂಬಾಕಿನ ಜೊತೆಯಿಲ್ಲದೆಯೂ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಸಂಸ್ಕರಿಸಿದ ಪೊಟ್ಟಣದ ವಸ್ತುವನ್ನೂ ಮನೆಯಂಗಳದ ಕವಳವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ಬೆಳೆಗಾರರ ಸಂಘಟನೆಗಳು ವಾದಿಸುತ್ತ ಬಂದಿವೆ. ಆ ವಾದದಲ್ಲಿ ಹುರುಳಿದ್ದರೂ ಬೆಲೆಯನ್ನು ನಿರ್ಧರಿಸುತ್ತಿರುವುದು ಕವಳವಲ್ಲ, ಪೊಟ್ಟಣ.

ಇನ್ನೊಂದು ಕೈ ಬಂದರುಗಳಲ್ಲಿದೆ. ಅಡಿಕೆಗೆ ಶೇಕಡಾ 100ರ ಸೀಮಾ ಸುಂಕವಿದ್ದರೂ ವ್ಯಾಪಾರ ಒಪ್ಪಂದಗಳಡಿ ನೆರೆಯ ಕೆಲವು ದೇಶಗಳ ಸರಕಿಗೆ ರಿಯಾಯಿತಿ ಸಿಗುತ್ತದೆ. ಅದನ್ನು ತಡೆಯಲೆಂದು ಬಂದದ್ದು ಕನಿಷ್ಠ ಆಮದು ಬೆಲೆ. ನಿಗದಿಪಡಿಸಿದ ಬೆಲೆಗಿಂತ ಅಗ್ಗವಾಗಿ ಕೊಂಡ ಅಡಿಕೆಯನ್ನು ದೇಶದೊಳಕ್ಕೆ ತರುವಂತಿಲ್ಲ ಎಂಬುದು ಇದರ ಸರಳ ಅರ್ಥ. ಕಿಲೋಗ್ರಾಮಿಗೆ 2013ರಲ್ಲಿ 110 ರೂಪಾಯಿ ಇದ್ದದ್ದು 2015ರಲ್ಲಿ 162, 2017ರಲ್ಲಿ 251, 2023ರ ಫೆಬ್ರವರಿಯಲ್ಲಿ 351 ರೂಪಾಯಿಗೇರಿತು. ಗೋಡೆಯಲ್ಲಿ ಕಿಂಡಿಗಳೂ ಇವೆ. 2022ರಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಈ ಷರತ್ತಿಲ್ಲದೆ ತರಲು ಅನುಮತಿ ನೀಡಲಾಯಿತು. ಹುರಿದ ಅಡಿಕೆ ಬೇರೆ ವಸ್ತುವೆಂದು ವಾದಿಸಿ ಆಮದುದಾರರು ಕಂಡುಕೊಂಡ ದಾರಿಗೆ 2025ರಲ್ಲಿ ಇದೇ 351 ರೂಪಾಯಿಯ ಬೇಲಿ ಬಿತ್ತು. ಮ್ಯಾನ್ಮಾರ್ ಗಡಿಯ ಕಳ್ಳಸಾಗಣೆಗೆ ಯಾವ ಅಧಿಸೂಚನೆಯೂ ತಾಗುವುದಿಲ್ಲ. ಇಷ್ಟಾದರೂ ಗೋಡೆ ಬೆಳೆಗಾರನಿಗೆ ನೆರಳು ಕೊಟ್ಟಿದೆ ಎಂಬುದನ್ನು ಅಲ್ಲಗಳೆಯಲಾಗದು. ಅದನ್ನು ಕೆಡವಬೇಕೆಂದು ಇಲ್ಲಿ ಯಾರೂ ಹೇಳುತ್ತಿಲ್ಲ.

ಗೋಡೆ ಬೆಲೆಯನ್ನು ಎತ್ತಿಹಿಡಿಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಕಾಳುಮೆಣಸಿನ ಕಥೆಯನ್ನು ನೆನಪಿಸಿಕೊಳ್ಳಬಹುದು. 2017ರ ಡಿಸೆಂಬರಿನಲ್ಲಿ ಮೆಣಸಿಗೆ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಬಂದಿತು. ಶ್ರೀಲಂಕಾದಿಂದ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದಾಗಿದ್ದು, ಆ ಹೆಸರಿನಲ್ಲಿ ವಿಯೆಟ್ನಾಮಿನ ಮೆಣಸೂ ನುಸುಳುತ್ತಿದೆ ಎಂಬ ದೂರೇ ಈ ಕ್ರಮಕ್ಕೆ ಕಾರಣವಾಗಿತ್ತು. ಆದರೆ 2018 ಮತ್ತು 2019ರಲ್ಲಿ ಬೆಳೆಗಾರರಿಗೆ ಸಿಕ್ಕ ಬೆಲೆ 500ರ ಹತ್ತಿರಕ್ಕೂ ಬರಲಿಲ್ಲ. ಮುಂದೆ ಬೆಲೆ ಚೇತರಿಸಿಕೊಳ್ಳುವಾಗ ವಿಯೆಟ್ನಾಮಿನಲ್ಲಿ ಬಳ್ಳಿಗಳು ರೋಗಕ್ಕೆ ತುತ್ತಾಗಿ, ಅಲ್ಲಿಯ ರೈತರು ಕಾಫಿ ಹಾಗೂ ಡೂರಿಯನ್ ಹಣ್ಣಿನತ್ತ ಹೊರಳಿ, ಜಗತ್ತಿನ ಮೆಣಸಿನ ರಾಶಿಯೇ ಕುಗ್ಗಿತ್ತು. ಮಲೆನಾಡಿನ ತೋಟಿಗನ ಬೆಲೆಯಲ್ಲಿ ದೆಹಲಿಯ ಅಧಿಸೂಚನೆಗಿಂತ ಅಲ್ಲಿಯ ಬಳ್ಳಿಯ ಪಾಲು ದೊಡ್ಡದಿತ್ತು.

ಅಡಿಕೆಯ ಬೆಲೆ ಮಾತ್ರ ಹತ್ತು ವರ್ಷಗಳಿಂದ ಹೆಚ್ಚುಕಡಿಮೆ ಗಟ್ಟಿಯಾಗಿ ನಿಂತಿದೆ, ನೆಲ ಆ ಬೆಲೆಯನ್ನು ಹಿಂಬಾಲಿಸಿದೆ. ಸಾಗರ, ಸೊರಬ, ಶಿರಸಿ, ತೀರ್ಥಹಳ್ಳಿಗಳ ರಸ್ತೆಗಳಲ್ಲಿ ಮಳೆಗಾಲದಲ್ಲಿ ಹೋಗುವವರ ಕಣ್ಣಿಗೆ ಇದು ತಾನಾಗಿಯೇ ಬೀಳುತ್ತದೆ. ಮೊನ್ನೆಯವರೆಗೆ ನಾಟಿಯಾಗಿದ್ದ ಗದ್ದೆಯ ನಡುವೆ ಆಳವಾದ ಕಾಲುವೆಗಳು, ಕಾಲುವೆಗಳ ನಡುವಿನ ಏರಿಯ ಮೇಲೆ ಮೊಣಕಾಲೆತ್ತರದ ಅಡಿಕೆ ಸಸಿಗಳು. ಘಟ್ಟದ ಮಳೆಯನ್ನು ಕಾಣದ ಚನ್ನಗಿರಿ, ಹೊಳಲ್ಕೆರೆಗಳ ಬಯಲಿನಲ್ಲಿ ಅದೇ ಬೆಳೆ ಕೊಳವೆಬಾವಿಯ ನೀರನ್ನು ನಂಬಿ ನಿಂತಿದೆ.

ಗದ್ದೆಯನ್ನು ಭತ್ತದ ಕಾರ್ಖಾನೆಯೆಂದಷ್ಟೇ ಎಣಿಸಿದರೆ ಈ ಬದಲಾವಣೆ ಲಾಭದ ವ್ಯವಹಾರವೇ ಸರಿ. ಆಳು ಸಿಗದ, ಕಾಡುಹಂದಿಯ ಕಾಟ ತಪ್ಪದ ಭತ್ತವನ್ನು ಬಿಟ್ಟ ರೈತನನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಗದ್ದೆ ನೀರಿನ ಪಾತ್ರೆಯೂ ಹೌದು. ಜೂನ್‌ನಿಂದ ಅಕ್ಟೋಬರಿನವರೆಗೆ ಬದುವಿನೊಳಗೆ ನಿಂತ ನೀರು ಮೆಲ್ಲಗೆ ಇಂಗುತ್ತ ಕೆಳಗಿನ ಬಾವಿಯನ್ನೂ ಹಳ್ಳವನ್ನೂ ಬೇಸಿಗೆಗೆ ಜೀವಂತವಾಗಿಡುತ್ತದೆ. ಅಡಿಕೆಯ ಬೇರು ನಿಂತ ನೀರನ್ನು ಸಹಿಸದು. ಆದ್ದರಿಂದ ಗದ್ದೆಯನ್ನು ತೋಟ ಮಾಡುವವರ ಮೊದಲ ಕೆಲಸವೇ ಬಸಿಗಾಲುವೆ ತೋಡುವುದು. ಮಳೆಗಾಲದಲ್ಲಿ ಹೊರಗೆ ಓಡಿಸಿದ ನೀರನ್ನೇ ಮಾರ್ಚ್ ತಿಂಗಳಲ್ಲಿ ಪಂಪು ಹಚ್ಚಿ ಆಳದಿಂದ ಮೇಲೆತ್ತಬೇಕಾಗುತ್ತದೆ. ವರದಾ ನದಿಯ ನೆರೆಬಯಲಿನಲ್ಲಿ ದಿನಗಟ್ಟಲೆ ಮುಳುಗಿದರೂ ಚೇತರಿಸಿಕೊಳ್ಳುವ ನೆರೆಗುಳಿಯಂಥ ಭತ್ತದ ತಳಿಗಳು ಗದ್ದೆಯೊಂದಿಗೇ ಹೋಗುತ್ತವೆ. ಬೀಜವನ್ನು ಶೀತಗೃಹದಲ್ಲಿಟ್ಟು ಉಳಿಸಬಹುದು, ಆ ನೆರೆಯೊಂದಿಗಿನ ಅದರ ಒಡನಾಟವನ್ನು ಉಳಿಸಲಾಗದು.

ಸೊಪ್ಪಿನ ಲೆಕ್ಕ ಇನ್ನೂ ಕಠಿಣ. ಹಳೆಯ ತೋಟಗಳು ಕಣಿವೆಯಲ್ಲಿ, ಮೇಲಿನ ಸೊಪ್ಪಿನಬೆಟ್ಟದ ಆಸರೆಯಲ್ಲಿ ಹುಟ್ಟಿದವು. ಬೆಟ್ಟದ ಸೊಪ್ಪು, ದರಕು ಕೊಟ್ಟಿಗೆ ಸೇರಿ, ಗೊಬ್ಬರವಾಗಿ ತೋಟಕ್ಕಿಳಿಯುತ್ತಿತ್ತು. ಗದ್ದೆಯಲ್ಲೆದ್ದ ಹೊಸ ತೋಟಕ್ಕೆ ಬೆಟ್ಟವಿಲ್ಲ. ಹಾಗಾಗಿ ಮೊದಲೇ ಬೋಳಾಗುತ್ತಿರುವ ಹಳೆಯ ಬೆಟ್ಟದ ಮೇಲೆ ಎರಡು ಪಟ್ಟು ಕತ್ತಿ ಬೀಳುತ್ತದೆ, ಇಲ್ಲವೇ ಚೀಲದ ಗೊಬ್ಬರವೊಂದೇ ಗತಿಯಾಗುತ್ತದೆ. ಶೃಂಗೇರಿ, ಕೊಪ್ಪಗಳ ಕಡೆ ಹಳದಿ ಎಲೆ ರೋಗ ತಲೆಮಾರುಗಳ ತೋಟಗಳನ್ನು ನುಂಗಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಘಟ್ಟದುದ್ದಕ್ಕೂ ಹಬ್ಬಿದೆ. ಒಂದೇ ಬೆಳೆ ಕಣಿವೆಯಿಂದ ಕಣಿವೆಗೆ ಎಡೆಬಿಡದೆ ಹಬ್ಬಿದಾಗ ರೋಗದ ಶಿಲೀಂಧ್ರಕ್ಕೆ ಅದು ಕಟ್ಟಿಕೊಟ್ಟ ಸೇತುವೆಯಾಗುತ್ತದೆ. ಬೆಲೆಗೆ ಗೋಡೆ ಕಟ್ಟಬಹುದು, ಗಾಳಿಯಲ್ಲಿ ಬರುವ ಬೀಜಕಣಕ್ಕೆ ಕನಿಷ್ಠ ಆಮದು ಬೆಲೆ ಇಲ್ಲ.

ಈಚಿನ ತೆರಿಗೆ ಬದಲಾವಣೆಗಳಲ್ಲಿ ಒಳ್ಳೆಯವೂ ಇವೆ. 2025ರ ಸೆಪ್ಟೆಂಬರಿನಲ್ಲಿ ಟ್ರೈಕೋಡರ್ಮಾ, ಸ್ಯೂಡೊಮೊನಾಸ್, ಬೇವಿನ ಕೀಟನಾಶಕ ಮೊದಲಾದ ಹನ್ನೆರಡು ಜೈವಿಕ ಪೀಡೆನಾಶಕಗಳ ಮೇಲಿನ ತೆರಿಗೆ ಶೇಕಡಾ 12ರಿಂದ 5ಕ್ಕಿಳಿಯಿತು. ರಾಸಾಯನಿಕ ಪೀಡೆನಾಶಕಗಳು ಶೇಕಡಾ 18ರಲ್ಲೇ ಉಳಿದವು. ಮೆಣಸಿನ ಸೊರಗುರೋಗಕ್ಕೆ ಬುಡಕ್ಕೆ ಹಾಕುವ ಟ್ರೈಕೋಡರ್ಮಾದ ಬೆಲೆ ಅಂಗಡಿಯಲ್ಲಿ ಇಳಿದಿದೆಯೇ ಎಂದು ಕೇಳಿ ನೋಡುವುದು ವಿದ್ಯಾರ್ಥಿಗಳಿಗೆ ಒಳ್ಳೆಯ ಅಭ್ಯಾಸವಾದೀತು. ಹನಿ ನೀರಾವರಿ ಉಪಕರಣಗಳಿಗೂ ಶೇಕಡಾ 5ರ ದರ ಬಂದಿದೆ. ಅದಕ್ಕೂ ಮೊದಲು, 2024ರ ಡಿಸೆಂಬರಿನಲ್ಲಿ, ಕೃಷಿಕನೇ ತನ್ನ ಬೆಳೆಯಾಗಿ ಮಾರುವ ಮೆಣಸು ಹಸಿಯಾಗಲಿ ಒಣಗಿದ್ದಾಗಲಿ ಜಿಎಸ್‌ಟಿಗೆ ಒಳಪಡದು ಎಂದು ಜಿಎಸ್‌ಟಿ ಮಂಡಳಿ ಸ್ಪಷ್ಟಪಡಿಸಿತು. ಅಂಥ ಮಾರಾಟಕ್ಕೆ ತೆರಿಗೆಯ ನೋಟಿಸು ಬಂದ ರೈತರು ಈ ಸ್ಪಷ್ಟೀಕರಣವನ್ನು ಉತ್ತರದಲ್ಲಿ ಉಲ್ಲೇಖಿಸಬೇಕು.

ಮುಖ್ಯ ಪ್ರಶ್ನೆ ಹಾಗೆಯೇ ಉಳಿದಿದೆ. ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 2004ರಲ್ಲಿ ಅನುಮೋದಿಸಿತು. ತಂಬಾಕು ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಒದಗಿಸಲು ನೆರವಾಗಬೇಕೆಂದು ಅದರ 17ನೆಯ ವಿಧಿ ಹೇಳುತ್ತದೆ. ಅಡಿಕೆ ತಂಬಾಕಲ್ಲವಾದ್ದರಿಂದ ಆ ಮಾತು ಅಡಿಕೆಯವರಿಗೆ ಅನ್ವಯಿಸದು. ಹೊಸ ಸೆಸ್ ಕಾನೂನಿನ ಹೆಸರಿನಲ್ಲಿ ಆರೋಗ್ಯವೂ ರಾಷ್ಟ್ರೀಯ ಭದ್ರತೆಯೂ ಇವೆ, ಬೆಳೆಗಾರ ಇಲ್ಲ. ಪೊಟ್ಟಣದ ಸೇವನೆ ಕುಗ್ಗಲಿ ಎಂದು ಸರ್ಕಾರ ನಿಜಕ್ಕೂ ಬಯಸುವುದಾದರೆ, ಅದು ಕುಗ್ಗಿದ ದಿನ ಕಣಿವೆಯ ರೈತ ಏನು ಬೆಳೆಯಬೇಕೆಂಬುದನ್ನೂ ಅದೇ ಹಣದಿಂದ ಯೋಚಿಸಬೇಕಿತ್ತು. ಗದ್ದೆಯನ್ನು ಗದ್ದೆಯಾಗಿಯೇ ಉಳಿಸಿಕೊಂಡವರಿಗೆ ಎಕರೆಗಿಷ್ಟೆಂದು ನೀರಿಂಗಿಸಿದ ಋಣ ಸಲ್ಲಿಸುವುದು, ಹಳೆಯ ತೋಟದಲ್ಲಿ ಮೆಣಸು, ಏಲಕ್ಕಿ, ಜಾಯಿಕಾಯಿ, ಕೋಕೋಗಳ ಮಿಶ್ರಬೆಳೆಗೆ ನೆರವಾಗುವುದು ಅಸಾಧ್ಯದ ಮಾತೇನಲ್ಲ. ಸಹಕಾರ ಸಂಘಗಳು ಮತ್ತು ಗ್ರಾಮಸಭೆಗಳು ಮುಂದಿನ ಮನವಿಪತ್ರದಲ್ಲಿ ಆಮದು ಬೆಲೆ ಏರಿಸಿರೆಂಬ ವಾಡಿಕೆಯ ಸಾಲಿನ ಜೊತೆಗೆ ಈ ಸಾಲನ್ನೂ ಬರೆಯಬಹುದು.

ಗದ್ದೆಯಲ್ಲಿ ಸಸಿ ನೆಡಲು ಹೊರಟವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ಇಂದು ನೆಟ್ಟ ಅಡಿಕೆ ಫಸಲು ಕೊಡಲು ಐದರಿಂದ ಏಳು ವರ್ಷ ಬೇಕು, ತುಂಬು ಇಳುವರಿಗೆ ಹತ್ತು. ಕನಿಷ್ಠ ಆಮದು ಬೆಲೆ ಸಂಸತ್ತಿನ ಕಾನೂನಲ್ಲ, ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಒಂದು ಅಧಿಸೂಚನೆ. 2013ರಿಂದ 2023ರವರೆಗಿನ ಹತ್ತು ವರ್ಷಗಳಲ್ಲಿ ಆ ಅಂಕಿ ಮೂರು ಸಲ ಬದಲಾಗಿದೆ.