ಟ್ರೆಂಟ್ ನದಿಯ ಮರದ ರಾಟೆ

ಆಟಿ ತಿಂಗಳ ಮಳೆ ಹಿಡಿಯಿತೆಂದರೆ ಹಳೆಯ ಮನೆಗಳ ಬಾಗಿಲು ದಾರಂದಕ್ಕೆ ಕಚ್ಚಿಕೊಂಡು ಮುಚ್ಚಲೊಲ್ಲದು. ಬೇಸಗೆಯಲ್ಲಿ ಅದೇ ಬಾಗಿಲು ಸಡಿಲಗೊಂಡು ಸಂದು ಬಿಡುತ್ತದೆ. ಮರದ ಈ ಗುಣವನ್ನು ಅರಿಯದ ಬಡಗಿಯಿಲ್ಲ. ಹೀಗಿದ್ದೂ, ದಿನವಿಡೀ ನೀರಿನ ಸಂಗದಲ್ಲಿರಬೇಕಾದ, ಎಳ್ಳಷ್ಟೂ ಓರೆಯಾಗದೆ ತಿರುಗಬೇಕಾದ ಒಂದು ಉಪಕರಣವನ್ನು ಮರದಿಂದಲೇ ಮಾಡಿದ ಕುಶಲಿಗಳಿದ್ದರು. ಅವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದವರು. ಕಾಲ 19ನೆಯ ಶತಮಾನ. ಉಪಕರಣ, ಗಾಳದ ಕೋಲಿಗೆ ಕಟ್ಟುವ ನೂಲಿನ ರಾಟೆ. ಇಂಗ್ಲಿಷಿನಲ್ಲಿ ಅದಕ್ಕೆ ‘ರೀಲ್’ ಎನ್ನುತ್ತಾರೆ. ಬಾವಿಗೂ ನೂಲುವುದಕ್ಕೂ ಸಲ್ಲುವ ರಾಟೆಯೆಂಬ ಮಾತು ಕನ್ನಡದಲ್ಲಿರುವಾಗ ಇದಕ್ಕೊಂದು ಹೊಸ ಹೆಸರನ್ನು ಹುಡುಕಬೇಕಾಗಿಲ್ಲ.

ಗಾಳದ ರಾಟೆ ಇಂಗ್ಲೆಂಡಿನಲ್ಲಿ ಹುಟ್ಟಿದ್ದಲ್ಲ. ಚೀನದ ಸೋಂಗ್ ರಾಜರ ಕಾಲದ ಚಿತ್ರಕಾರ ಮಾ ಯುವಾನ್ ಸುಮಾರು 1195ರಲ್ಲಿ ಬರೆದ ಚಿತ್ರವೊಂದರಲ್ಲಿ, ಚಳಿಗಾಲದ ಸರೋವರದ ನಡುವೆ ಪುಟ್ಟ ದೋಣಿಯಲ್ಲಿ ಕುಳಿತ ಬೆಸ್ತನ ಗಾಳದ ಕೋಲಿಗೆ ರಾಟೆಯೊಂದು ಅಂಟಿಕೊಂಡಿರುವುದು ಸ್ಪಷ್ಟವಾಗಿ ಕಾಣುತ್ತದೆ. ಇಂಗ್ಲಿಷಿನಲ್ಲಿ ಇದರ ಉಲ್ಲೇಖ ದೊರೆಯುವುದು ಥಾಮಸ್ ಬಾರ್ಕರ್ 1651ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ. ಅಲ್ಲಿಗೆ ನಾಲ್ಕೂವರೆ ಶತಮಾನ ಕಳೆದಿತ್ತು.

ನಾಟಿಂಗ್‌ಹ್ಯಾಮಿಗೆ ಆಗ ಕೀರ್ತಿ ತಂದಿದ್ದುದು ಲೇಸ್, ಅಂದರೆ ಜಾಲರಿಯಂತೆ ಹೆಣೆದ ನವುರಾದ ಬಟ್ಟೆ. ಜಾನ್ ಹೀತ್‌ಕೋಟ್ 1809ರಲ್ಲಿ ಲೇಸ್ ಯಂತ್ರವೊಂದಕ್ಕೆ ಪೇಟೆಂಟ್ ಪಡೆದ ಮೇಲೆ ಊರಿಗೆ ಊರೇ ನೂಲು, ಉರುಳೆ, ಯಂತ್ರಗಳ ಸದ್ದಿನಲ್ಲಿ ಬದುಕತೊಡಗಿತು. ನೂಲು ಸುತ್ತುವ ಮರದ ಉರುಳೆಯನ್ನು ಕಂಡೇ ಯಾರೋ ಗಾಳಪ್ರಿಯ ಈ ರಾಟೆಯನ್ನು ಕಲ್ಪಿಸಿದನೆಂಬ ಕಥೆ ಅಲ್ಲಿ ಪ್ರಚಲಿತವಾಗಿದೆ. ಕಥೆ ನಿಜವಿರಲಿ, ಬಿಡಲಿ. ಲೇತಿನಲ್ಲಿ ಮರವನ್ನು ಕಡೆದು ನಯಗೊಳಿಸುವ ಕೈಗಳಿಗೆ ಅಂಥ ಊರಿನಲ್ಲಿ ಕೊರತೆಯಿರಲಿಲ್ಲ.

ಆದರೆ ಮರವೇ ಏಕೆ? ಹಿತ್ತಾಳೆಯ ರಾಟೆಗಳು ಆಗಲೇ ಬಳಕೆಯಲ್ಲಿದ್ದುವಲ್ಲ? ಉತ್ತರ ನದಿಯಲ್ಲಿದೆ. ನಾಟಿಂಗ್‌ಹ್ಯಾಮಿನ ಬದಿಯಲ್ಲಿ ಹರಿಯುವ ಟ್ರೆಂಟ್ ಅಗಲವಾದ ನದಿ, ಸೆಳೆತವೂ ಉಂಟು. ಅಲ್ಲಿನ ಗಾಳಗಾರರು ತೇಲುಬೆಂಡನ್ನು ಪ್ರವಾಹಕ್ಕೆ ಒಪ್ಪಿಸಿ, ಅದು ಬಹುದೂರ ಸಾಗುವವರೆಗೂ ನೂಲನ್ನು ಬಿಡುತ್ತ ಹೋಗುತ್ತಿದ್ದರು. ನೂಲು ಎಳೆಎಳೆಯಾಗಿ ಬಿಚ್ಚಿಕೊಳ್ಳಬೇಕು; ಎಳೆಯುವ ಶಕ್ತಿ ಮಾತ್ರ ಒಂದು ಹಗುರವಾದ ಬೆಂಡಿನದು. ರಾಟೆ ಸ್ವಲ್ಪ ತಡೆದರೂ ಬೆಂಡು ನಿಲ್ಲುತ್ತದೆ, ಎರೆ ನೀರಿನೊಡನೆ ಸಹಜವಾಗಿ ಸಾಗದೆ ಅನುಮಾನಕ್ಕೆಡೆಯಾಗುತ್ತದೆ, ಮೀನು ದೂರ ಸರಿಯುತ್ತದೆ. ಭಾರವಾದ ಹಿತ್ತಾಳೆ ಇಂಥ ಮೆಲ್ಲನೆಯ ಸೆಳೆತಕ್ಕೆ ಸುಲಭವಾಗಿ ಮಣಿಯದು. ಹಗುರವಾದ ಅಗಲ ಮರದ ಉರುಳೆ, ನಡುವಿನಲ್ಲಿ ಉಕ್ಕಿನ ತೆಳು ಕಡ್ಡಿಯ ಅಚ್ಚು: ಇಷ್ಟಿದ್ದರೆ ಬೆರಳ ತುದಿಯ ಸೋಂಕಿಗೇ ರಾಟೆ ತಿರುಗತೊಡಗುತ್ತದೆ. ನಿಲ್ಲಿಸುವುದಕ್ಕೂ ಬೆರಳೇ ಸಾಕು, ಅಂಚನ್ನು ಮುಟ್ಟಿದರಾಯಿತು. ಬೆರಳು ಎಚ್ಚರ ತಪ್ಪಿದರೆ ಉರುಳೆ ನೂಲಿಗಿಂತ ಮುಂದಾಗಿ ಓಡುತ್ತದೆ. ಆಮೇಲೆ ಸಿಕ್ಕು ಬಿಡಿಸುವುದರಲ್ಲೇ ಸಂಜೆಯಾಗುತ್ತದೆ!

ಕೆಲಸದ ಕಠಿನ ಭಾಗ ಮರದ ಆಯ್ಕೆಯಿಂದಲೇ ಆರಂಭವಾಗುತ್ತಿತ್ತು. ಹೆಚ್ಚಾಗಿ ಬಳಸುತ್ತಿದ್ದುದು ವಾಲ್‌ನಟ್, ಅಂದರೆ ಅಕ್ರೋಟು ಮರ, ಮಹಾಗನಿಯೂ ಉಂಟು. ಮರ ಚೆನ್ನಾಗಿ ಆರಿ ಹದಗೊಂಡಿರಬೇಕು. ಹದವಾದ ಮರವೂ ನೀರು ಕಂಡರೆ ಎಲ್ಲ ದಿಕ್ಕಿಗೂ ಒಂದೇ ಸಮನೆ ಹಿಗ್ಗುವುದಿಲ್ಲ. ನಾರಿನ ಉದ್ದಕ್ಕೆ ಅದು ಹಿಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಬಹಳ. ಹಾಗಾಗಿ ಲೇತಿನಿಂದ ಇಳಿದಾಗ ಸರಿಯಾದ ವೃತ್ತವಾಗಿದ್ದ ಬಿಲ್ಲೆ ಮಳೆಯಲ್ಲಿ ನೆನೆದರೆ ಮೊಟ್ಟೆಯಾಕಾರ ತಾಳುತ್ತದೆ, ಇಲ್ಲವೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಹಿಂಬದಿಯ ಬಿಲ್ಲೆಗೂ ಉರುಳೆಗೂ ನಡುವಿನ ಸಂದು ಕಿರಿದಾದುದು. ಎರಡೂ ಒಂದನ್ನೊಂದು ಉಜ್ಜಿದವೆಂದರೆ ರಾಟೆ ಅಲ್ಲಿಗೆ ನಿಂತಂತೆಯೇ.

ಇದಕ್ಕೆ ಕುಶಲಿಗಳು ಕಂಡುಕೊಂಡ ಉಪಾಯ ಹಿತ್ತಾಳೆಯದು. ತಿರಸ್ಕೃತವಾದ ಲೋಹ ಹೀಗೆ ಹಿಂಬಾಗಿಲಿನಿಂದ ಒಳಗೆ ಬಂದಿತು. ಹಿಂಬದಿಯ ಬಿಲ್ಲೆಗೆ ನಕ್ಷತ್ರದ ಕೈಗಳಂತೆ ಹಿತ್ತಾಳೆಯ ಪಟ್ಟಿಗಳನ್ನು ಮರದೊಳಕ್ಕೆ ಕೂರಿಸಿ ತಿರುಪಿನಿಂದ ಬಿಗಿದರು. ಮರ ಸೊಟ್ಟಗಾಗಲೆಳಸಿದರೆ ಪಟ್ಟಿ ಹಿಡಿದು ನಿಲ್ಲಿಸುತ್ತದೆ. ‘ಸ್ಟಾರ್‌ಬ್ಯಾಕ್’ ಎಂಬ ಹೆಸರು ಈ ಮಾದರಿಗೆ ಬಂದದ್ದು ಹೀಗೆ. ನೋಡುವವರಿಗೆ ಅದು ಅಲಂಕಾರ. ಮಾಡಿದವನಿಗೆ ಅದು ಮರದ ಹಟಕ್ಕೆ ಹಾಕಿದ ಕಟ್ಟು. ನ್ಯೂಅರ್ಕ್ ಪಟ್ಟಣದ ಡೇವಿಡ್ ಸ್ಲೇಟರ್ 1883ರಲ್ಲಿ ಇನ್ನೊಂದು ಸುಧಾರಣೆಗೆ ಪೇಟೆಂಟ್ ಪಡೆದ. ಪುಟ್ಟದೊಂದು ಚಿಲಕವನ್ನು ಸರಿಸಿದರೆ ಉರುಳೆ ಅಚ್ಚಿನಿಂದ ಕಳಚಿ ಕೈಗೆ ಬರುತ್ತದೆ. ಒರೆಸಿ, ಒಣಗಿಸಿ, ಎಣ್ಣೆ ಸವರಿ ಮತ್ತೆ ಕೂರಿಸಬಹುದು. ಮರದ ವಸ್ತುವಿಗೆ ಆಯುಸ್ಸನ್ನು ಕೂಡಿಸುವುದು ಬೇರೆಲ್ಲಕ್ಕಿಂತ ಇಂಥ ಸಣ್ಣ ಅನುಕೂಲಗಳೇ.

ಮುಂದಿನ ಕಥೆ ಬೇಗನೆ ಮುಗಿಯುವಂಥದು. ಹೆನ್ರಿ ಕಾಕ್ಸನ್ ಎಂಬಾತ ಕಲ್ಪಿಸಿದ, ಸೈಕಲ್ ಗಾಲಿಯಂತೆ ತಂತಿಯ ಅರಗಳುಳ್ಳ ‘ಏರಿಯಲ್’ ರಾಟೆಯನ್ನು ರೆಡಿಚ್ ಪಟ್ಟಣದ ಆಲ್‌ಕಾಕ್ ಸಂಸ್ಥೆ 1890ರ ದಶಕದಲ್ಲಿ ಮಾರುಕಟ್ಟೆಗೆ ತಂದಿತು. ಬಳಿಕ ಎಬೊನೈಟ್, ಅಲ್ಯುಮಿನಿಯಂ, ಬೇಕಲೈಟ್‌ಗಳು ಒಂದೊಂದಾಗಿ ಮರದ ಜಾಗವನ್ನು ಆಕ್ರಮಿಸಿದುವು. ಕಡಲತೀರದ ಗಾಳಗಾರರು ಮಾತ್ರ ‘ಸ್ಕಾರ್‌ಬರೋ’ ಎಂಬ ದೊಡ್ಡ ಮರದ ರಾಟೆಗಳನ್ನು 20ನೆಯ ಶತಮಾನದಲ್ಲಿಯೂ ಬಿಡಲಿಲ್ಲ.

ಗಾಳದ ಈ ಆಂಗ್ಲ ವಿದ್ಯೆಗೆ ಕಾಸರಗೋಡಿನ ಓದುಗರಿಗೆ ಹತ್ತಿರದ ನಂಟೊಂದಿದೆ. ಭಾರತದಲ್ಲಿ ಗಾಳ ಹಾಕುವವರಿಗೆ ಬಹುಕಾಲ ಕೈಪಿಡಿಯಾಗಿದ್ದ ಎಚ್. ಎಸ್. ಥಾಮಸ್ ಅವರ ‘ದಿ ರಾಡ್ ಇನ್ ಇಂಡಿಯಾ’ ಮೊದಲು ಹೊರಬಂದದ್ದು ಲಂಡನ್ನಿನಿಂದಲ್ಲ, 1873ರಲ್ಲಿ ಮಂಗಳೂರಿನಿಂದ. ಮದರಾಸು ಸಿವಿಲ್ ಸರ್ವಿಸಿನ ಅಧಿಕಾರಿಯಾಗಿ ಅವರು ದಕ್ಷಿಣ ಕನ್ನಡದಲ್ಲಿ ಸೇವೆ ಸಲ್ಲಿಸಿದವರು. ಕಾಸರಗೋಡು ಆಗ ಆ ಜಿಲ್ಲೆಯದೇ ಭಾಗ. ಜಿಲ್ಲೆಯ ಮೀನುಗಳ ಸಾಕಣೆಯ ಬಗ್ಗೆ ಅವರು ಬರೆದ ವರದಿ ಅದಕ್ಕೂ ಮೊದಲಿನದು.

ಇಂದು ಮರದ ರಾಟೆಗಳು ಸಂಗ್ರಾಹಕರ ಕೈಸೇರಿವೆ. ಸ್ಲೇಟರನಂಥವರ ಮುದ್ರೆಯಿರುವ ರಾಟೆಗೆ ಬೆಲೆ ಹೆಚ್ಚು. ಉಳಿದವುಗಳಲ್ಲಿ ಬಹುಪಾಲಿನ ಮೇಲೆ ಹೆಸರೇ ಇಲ್ಲ; ಇದ್ದರೂ ಎಷ್ಟೋ ವೇಳೆ ಅದು ಮಾರಿದ ಅಂಗಡಿಯದು, ಕಡೆದವನದಲ್ಲ. ಅವನ ಕೈಯನ್ನು ಗುರುತಿಸಲು ಬಲ್ಲವರು ಅನುಸರಿಸುವ ಕ್ರಮ ಸರಳವಾದುದು: ರಾಟೆಯನ್ನು ನೆಟ್ಟಗೆ ಹಿಡಿದು, ಉರುಳೆಯನ್ನು ಬೆರಳಿನಿಂದೊಮ್ಮೆ ತಟ್ಟಿ ಕಿವಿಗೊಡುತ್ತಾರೆ. ನೂರು ವರ್ಷ ದಾಟಿದ ಮೇಲೂ ಎಲ್ಲಿಯೂ ಉಜ್ಜದೆ, ಸದ್ದಿಲ್ಲದೆ ಬಹಳ ಹೊತ್ತು ತಿರುಗುವ ರಾಟೆಗಳು ಈಗಲೂ ಸಿಗುತ್ತವೆ.