ಎಕ್ಸ್ ಹೋಗಲಿ, ಎಕ್ಸ್‌ರ್ಯಾಂಡರ್ ಇರಲಿ

ಲಿನಕ್ಸಿನಲ್ಲಿ ಮಾನಿಟರ್ ಸರಿ ಮಾಡಿದ ಕತೆ ಹೇಳೋಕೆ ನಮ್ಮ ಸೀನಿಯರುಗಳು ಕೂತ್ರೆ ರಾತ್ರಿ ಬೆಳಗಾಗುತ್ತೆ. ಎಕ್ಸ್‌ಆರ್ಗ್ ಡಾಟ್ ಕಾನ್ಫ್ ಅನ್ನೋ ಫೈಲು ತೆಗೆದು, ಹಾರಿಜಾಂಟಲ್ ಸಿಂಕ್ ಇಷ್ಟು, ವರ್ಟಿಕಲ್ ರಿಫ್ರೆಶ್ ಇಷ್ಟು ಅಂತ ಕೈಯಲ್ಲೇ ಬರೀಬೇಕಿತ್ತಂತೆ. ತಪ್ಪಿದ್ರೆ ಪರದೆ ಕಪ್ಪು. ನಾನು ಇಂಜಿನಿಯರಿಂಗ್ ಸೇರೋ ಹೊತ್ತಿಗೆ ಆ ಕಾಲ ಮುಗಿದಿತ್ತು. 2009ರ 2.6.29 ಕರ್ನಲ್‌ನಲ್ಲಿ ಇಂಟೆಲ್ ಚಿಪ್‌ಗಳಿಂದ ಶುರುವಾಗಿ, ಮೋಡ್ ಸೆಟ್ ಮಾಡೋ ಕೆಲಸ ಕರ್ನಲ್ಲಿನ ಪಾಲಿಗೆ ಹೋಯ್ತು.

ಈಗ ಎಕ್ಸ್ ಸರದಿಯೇ ಮುಗೀತಾ ಇದೆ. 2008ರಲ್ಲಿ ಹುಟ್ಟಿದ ವೇಲ್ಯಾಂಡ್ 2016ರ ಫೆಡೋರಾ 25ರಲ್ಲಿ ಡಿಫಾಲ್ಟ್ ಆಯ್ತು. 2025ರ ಅಕ್ಟೋಬರಿನಲ್ಲಿ ಬಂದ ಉಬುಂಟು 25.10ರ ಗ್ನೋಮ್‌ನಲ್ಲಿ ಎಕ್ಸ್ ಸೆಶನ್ನೇ ಇಲ್ಲ. (ಹಳೇ ಅಪ್ಲಿಕೇಶನ್ನುಗಳಿಗೆ ಎಕ್ಸ್‌ವೇಲ್ಯಾಂಡ್ ಇದೆ ಬಿಡಿ.) ನನಗೇನೂ ಬೇಜಾರಿಲ್ಲ. ಎಕ್ಸ್‌ನಲ್ಲಿ ನೀವು ಒತ್ತೋ ಕೀಲಿಗಳನ್ನೆಲ್ಲ ಪಕ್ಕದ ಪ್ರೋಗ್ರಾಮ್ ಕದ್ದು ನೋಡಬಹುದಿತ್ತು, ಅದು ತೊಲಗಿದ್ದು ಒಳ್ಳೇದೇ.

ನನ್ನ ತಕರಾರು ಬೇರೆ. ಇದೆಲ್ಲ ತನ್ನಷ್ಟಕ್ಕೆ ನಡೆಯೋದು ಇಡಿಐಡಿ ಇದ್ರೆ ಮಾತ್ರ. ಮಾನಿಟರ್ ತಾನೇ "ನನ್ನ ಅಳತೆ ಇಷ್ಟು" ಅಂತ ಹೇಳಿಕೊಳ್ಳೋ ಪರಿಚಯ ಚೀಟಿ ಅದು. ಮೂಲ ಚೀಟಿ ಬರೀ 128 ಬೈಟು. ಆಫೀಸಿನ ಹೊಸ ಮಾನಿಟರುಗಳು ಸರಿಯಾಗೇ ಹೇಳ್ತವೆ. ಊರ ಶಾಲೆಗೆ ಯಾರೋ ದಾನ ಕೊಟ್ಟ ಹಳೇ ಎಲ್‌ಸಿಡಿ, ಪಿನ್ ಮುರಿದ ವಿಜಿಎ ಕೇಬಲ್ಲು... ಅಲ್ಲಿ ಚೀಟಿ ತಲುಪೋದೇ ಇಲ್ಲ. ಸಿಗೋದು 1024×768. ಅದನ್ನ 1440×900ರ ಪರದೆಗೆ ಹಿಗ್ಗಿಸಿದ್ರೆ ಇಂಗ್ಲಿಷ್ ಹೇಗೋ ಓದಬಹುದು, ಕನ್ನಡದ ಒತ್ತಕ್ಷರಗಳನ್ನ ನೋಡಿ! ತವೊತ್ತು ಯಾವುದು, ನವೊತ್ತು ಯಾವುದು, ಎಲ್ಲಾ ಒಂದೇ ಮಸಿ. ಅಕ್ಷರ ಕಲಿಯೋ ಮಕ್ಕಳು ನೋಡೋ ಪರದೆ ಅದು.

ಎಕ್ಸ್‌ನಲ್ಲಿ ಸಿವಿಟಿಯಿಂದ ಲೆಕ್ಕ ಹಾಕಿಸಿ, ಎಕ್ಸ್‌ರ್ಯಾಂಡರ್‌ಗೆ ಮೂರು ಸಾಲು ಕೊಟ್ರೆ ಅಲ್ಲೇ ಪರದೆ ತಿಳಿಯಾಗ್ತಿತ್ತು. ರೂಟ್ ಪಾಸ್‌ವರ್ಡೂ ಬೇಡ, ರೀಬೂಟೂ ಬೇಡ. ವೇಲ್ಯಾಂಡ್ ಮೇಲೆ ಓಡೋ ಗ್ನೋಮ್‌ನ ಸೆಟ್ಟಿಂಗ್ಸ್‌ನಲ್ಲಿ, ಪಟ್ಟಿಯಲ್ಲಿಲ್ಲದ ಅಳತೆ ಸೇರಿಸೋಕೆ ಜಾಗವೇ ಇಲ್ಲ. ಗ್ರಬ್ ಫೈಲಿಗೆ ಹೋಗಿ, ಕರ್ನಲ್ ಸಾಲಿಗೆ 'ವಿಡಿಯೋ' ಅಂತ ಶುರುವಾಗೋ ಇನ್ನೊಂದು ತುಂಡು ಸೇರಿಸಿ, ಗ್ರಬ್ ಅಪ್‌ಡೇಟ್ ಮಾಡಿ ರೀಬೂಟ್ ಮಾಡಬೇಕು. ಸರಿಹೋಗದಿದ್ರೆ ಮತ್ತೆ ಅದೇ. ಇದನ್ನ ಶಾಲೆ ಮೇಷ್ಟ್ರಿಗೆ ಫೋನಿನಲ್ಲಿ ಹೇಳಿಕೊಡಿ ನೋಡೋಣ :-)

"ಕೇಬಲ್ ಬದಲಾಯಿಸಿ ಮಾರಾಯ್ರೇ" ಅಂತೀರಾ? ಕೇಬಲ್ಲೇ ಕಾರಣವಾಗಿದ್ರೆ ಅದೇ ಸರಿ. ಮಾನಿಟರಿನೊಳಗಿನ ಚಿಪ್ಪೇ ಕೆಟ್ಟಿದ್ರೆ ಏನು ಮಾಡೋಣ? ಪರದೆ ಚೆನ್ನಾಗೇ ಇದೆ, ಗುಜರಿಗೆ ಹಾಕೋಕಾಗುತ್ತಾ? ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ ಮೂಲೆಯಲ್ಲಿ 'ಬೇರೆ ಅಳತೆ ಸೇರಿಸಿ' ಅನ್ನೋ ಒಂದು ಗುಂಡಿ ಇಡಿ ಅಂತಷ್ಟೇ ನಾನು ಕೇಳ್ತಿರೋದು.