ಅಜ್ಜನಿಗೆ ಚಕ್ಕುಲಿ, ಅಜ್ಜನ ಮಕ್ಕಳಿಗೆ ಏನು?

ಶನಿವಾರ ಸಂಜೆಯಾದರೆ ದಹಿಸರ್‌ನ ಯಾವುದಾದರೂ ಒಂದು ಹೌಸಿಂಗ್ ಸೊಸೈಟಿಯಿಂದ ತಾಳ, ಹಾರ್ಮೋನಿಯಂ ಸದ್ದು ಕೇಳಿಬರುತ್ತದೆ. ಹೋಟೆಲು, ಬ್ಯಾಂಕು, ಅಂಗಡಿಗಳ ದುಡಿಮೆ ಮುಗಿಸಿ, ವಿರಾರ್ ಲೋಕಲ್‌ನಲ್ಲಿ ನಿಂತುಕೊಂಡೇ ಬಂದ ತುಳು-ಕನ್ನಡಿಗರು ಕೈಕಾಲು ತೊಳೆದು ಭಜನೆಗೆ ಕುಳಿತುಕೊಳ್ಳುತ್ತಾರೆ. ಮಹಾನಗರದ ಈ ತುದಿಯ ಉಪನಗರದಲ್ಲಿ ಕನ್ನಡವನ್ನು ಉಳಿಸಿದ್ದರಲ್ಲಿ ಇಂತಹ ಭಜನಾ ಮಂಡಳಿಗಳ ಪಾಲು ದೊಡ್ಡದು ಎಂಬುದರಲ್ಲಿ ಎರಡು ಮಾತಿಲ್ಲ.

ಮಂಗಳಾರತಿಯ ನಂತರ ಚಹಾ ಹೊತ್ತಿಗೆ ಮಾತು ಊರಿನ ಕಡೆಗೆ ಹೊರಳುತ್ತದೆ. ಯಾರ ಊರಿನಲ್ಲಿ ನೇಮ, ಯಾವ ದೈವಸ್ಥಾನದ ಜೀರ್ಣೋದ್ಧಾರ, ಮುಂಬಯಿ ಸಮಿತಿಯಿಂದ ಎಷ್ಟು ಸಂಗ್ರಹವಾಯಿತು ಎಂಬುದೇ ಆಗ ವಿಷಯ. ಈ ಮಾತಿನಲ್ಲಿ ಕೊರಗಜ್ಜನ ಹೆಸರು ಬಾರದೆ ಇರುವುದಿಲ್ಲ. ಕಳೆದುಹೋದ ಸರ ಸಿಕ್ಕಿದ್ದಕ್ಕೆ, ಮಗನಿಗೆ ಕೆಲಸವಾದದ್ದಕ್ಕೆ ಅಜ್ಜನಿಗೆ ಹರಕೆ ಹೊತ್ತವರು ಇಲ್ಲಿ ಮನೆಮನೆಯಲ್ಲಿದ್ದಾರೆ. ಊರಿಗೆ ಹೋದಾಗ ಕುತ್ತಾರಿನಲ್ಲಿ ಚಕ್ಕುಲಿ, ವೀಳ್ಯದೆಲೆ, ಅಡಿಕೆ ಒಪ್ಪಿಸಿ ಕೈಮುಗಿದು ಬರುತ್ತಾರೆ. 2022ರಲ್ಲಿ ‘ಕಾಂತಾರ’ ಚಿತ್ರ ತೆರೆಕಂಡ ಮೇಲಂತೂ ಕನ್ನಡ ಓದಲು ಬಾರದ ಮೊಮ್ಮಕ್ಕಳೂ ದೈವಗಳ ಬಗ್ಗೆ ಪ್ರಶ್ನೆ ಕೇಳತೊಡಗಿದ್ದಾರೆ. ಇದು ಸಂತೋಷದ ವಿಷಯ. ಆದರೆ ಆ ಪ್ರಶ್ನೆಗಳಿಗೆ ಪೂರ್ತಿ ಉತ್ತರ ಕೊಡಲು ಹಿರಿಯರು ಸಿದ್ಧರಿದ್ದಾರೆಯೇ ಎಂಬುದನ್ನು ಯೋಚಿಸಬೇಕಾಗಿದೆ.

ದೈವದ ಕಥೆ ಇರುವುದು ಪಾಡ್ದನದಲ್ಲಿ. ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು ಹಾಡಿದ, ನೇಮದ ಕಣದಲ್ಲಿ ತೆಂಬರೆ ಬಡಿದು ಹೇಳಿದ ಹಾಡುಗಳಿವು. ಬಾಸೆಲ್ ಮಿಷನ್‌ನವರು 1886ರಷ್ಟು ಹಿಂದೆಯೇ ಮಂಗಳೂರಿನಲ್ಲಿ ಪಾಡ್ದನಗಳನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದ್ದರು. ಕೊರಗ ತನಿಯನ ಕಥೆಗೆ ಪಾಠಾಂತರಗಳು ಉಂಟು. ಮುಖ್ಯ ಸಂಗತಿ ಇಷ್ಟು: ಹೆತ್ತವರನ್ನು ಕಳೆದುಕೊಂಡ ಕೊರಗರ ಹುಡುಗನನ್ನು ಮೈರಕ್ಕೆ ಬೈದೆದಿ ಎಂಬ ತಾಯಿ ತನ್ನ ಮಗನಂತೆ ಸಾಕಿದಳು. ಏಳು ಆಳಿನ ಹೊರೆಯನ್ನು ಒಬ್ಬನೇ ಹೊತ್ತು ದೇವಸ್ಥಾನದ ಬಾಗಿಲಿಗೆ ತಂದ ಆ ಹುಡುಗನಿಗೆ ಒಳಗೆ ಪ್ರವೇಶವಿರಲಿಲ್ಲ. ತಂದ ಹೊರೆ ಬೇಕು, ಹೊತ್ತವನು ಬೇಡ. ಅಲ್ಲಿಯೇ ಆತ ಮಾಯವಾಗಿ ದೈವವಾದ. ಜಾತಿಯ ಲೆಕ್ಕ ಹಾಕದೆ ಅನ್ನವಿಟ್ಟ ಒಬ್ಬ ಹೆಂಗಸು, ಜಾತಿ ನೋಡಿ ಬಾಗಿಲು ಹಾಕಿದ ಊರು, ಇವೆರಡೂ ಒಂದೇ ಹಾಡಿನಲ್ಲಿವೆ. ಕೈಮುಗಿಯುವಾಗ ಈ ಎರಡನೆಯ ಭಾಗ ಮರೆತುಹೋಗುತ್ತದೆ.

ಅಜ್ಜ ಹುಟ್ಟಿದ ಜನಾಂಗದ ಸ್ಥಿತಿಯೇನು? ಎಂಜಲು ತಿನ್ನಿಸುವ, ಉಗುರು-ಕೂದಲು ಬೆರೆಸಿದ ಅನ್ನ ಉಣ್ಣಿಸುವ ‘ಅಜಲು’ ಎಂಬ ಹೀನ ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕ ಸರಕಾರ ಕಾನೂನು ತಂದದ್ದು 2000ನೇ ಇಸವಿಯಲ್ಲಿ. ಅಂದರೆ ಸ್ವಾತಂತ್ರ್ಯ ಬಂದು ಅರ್ಧ ಶತಮಾನ ಕಳೆದ ಮೇಲೆ. ಕೇಂದ್ರ ಸರಕಾರವು ವಿಶೇಷವಾಗಿ ದುರ್ಬಲ ಎಂದು ಗುರುತಿಸಿದ ಕರ್ನಾಟಕದ ಎರಡು ಬುಡಕಟ್ಟುಗಳಲ್ಲಿ ಒಂದು ಜೇನುಕುರುಬ, ಇನ್ನೊಂದು ಕೊರಗ. 2011ರ ಜನಗಣತಿಯಂತೆ ಕರ್ನಾಟಕ ಮತ್ತು ಕೇರಳದಲ್ಲಿ ಅವರೆಲ್ಲ ಸೇರಿ ಸುಮಾರು 16 ಸಾವಿರ ಮಂದಿ. ಅಜ್ಜನ ಭಕ್ತರ ಸಂಖ್ಯೆಯ ಮುಂದೆ ಇದು ಏನೇನೂ ಅಲ್ಲ.

ಭಕ್ತಿಯ ಜಾಗದಲ್ಲಿ ಸಮಾಜದ ಮಾತು ಏಕೆ ಎಂದು ಕೆಲವರು ಕೇಳಬಹುದು. ಕರಾವಳಿಯ ಚರಿತ್ರೆಯಲ್ಲಿ ಇವೆರಡೂ ಬೇರೆಬೇರೆಯಾಗಿರಲಿಲ್ಲ. ಅಸ್ಪೃಶ್ಯರ ಮಕ್ಕಳಿಗೆ ಶಾಲೆ ತೆರೆದು ಸ್ವಂತ ಜಾತಿಯವರ ಬಹಿಷ್ಕಾರ ಸಹಿಸಿದ ಕುದ್ಮುಲ್ ರಂಗರಾಯರು ದೇವರನ್ನು ನಂಬಿದವರೇ. ದೇವಸ್ಥಾನದ ಹೊರಗೆ ನಿಂತವರಿಗಾಗಿ ಬ್ರಹ್ಮಶ್ರೀ ನಾರಾಯಣ ಗುರುಗಳು 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ್ದೂ ಪೂಜೆಯೇ, ಸುಧಾರಣೆಯೂ ಹೌದು. ಇದೇ ಮುಂಬಯಿಯಲ್ಲಿ ಹಗಲು ಹೋಟೆಲಿನಲ್ಲಿ ಕಪ್ಪುಬಶಿ ತೊಳೆದ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದರು. ಆ ಶಾಲೆಗಳಿಗೆ ದುಡ್ಡು ಕೊಟ್ಟವರು ಸಂಘ-ಸಂಸ್ಥೆಗಳ ಸಾಮಾನ್ಯ ಸದಸ್ಯರು. ಅವರ ಋಣದಲ್ಲಿರುವ ಮನೆಗಳು ದಹಿಸರ್‌ನಲ್ಲಿಯೂ ಕಡಿಮೆಯಿಲ್ಲ.

ಕೊರಗರಿಗಾಗಿ ಸರಕಾರದ ಯೋಜನೆಗಳಿವೆಯಲ್ಲ ಎಂಬ ಮಾತೂ ಬರುತ್ತದೆ. ಯೋಜನೆ ಮನೆ ಕಟ್ಟಿಸಿಕೊಡಬಹುದು, ವಿದ್ಯಾರ್ಥಿವೇತನ ಕೊಡಬಹುದು. ಪಕ್ಕದಲ್ಲಿ ಕುಳಿತು ಊಟ ಮಾಡುವ ಕೆಲಸ ಜನರೇ ಮಾಡಬೇಕಾದದ್ದು.

ಹಾಗಾದರೆ ಉಪನಗರದ ಒಂದು ಸಣ್ಣ ಮಂಡಳಿ ಏನು ಮಾಡಬಹುದು? ತಿಂಗಳಲ್ಲಿ ಒಂದು ಶನಿವಾರ ಭಜನೆಯ ನಂತರ ಅರ್ಧ ಗಂಟೆ ಮಾತಿಗೆ ಮೀಸಲಿಡಬಹುದು. ಪಾಡ್ದನ ಬಲ್ಲ ಅಜ್ಜಿಯೊಬ್ಬರು ಹಾಡಲಿ, ಅದರ ಅರ್ಥವನ್ನು ಮಕ್ಕಳಿಗೆ ಬಿಡಿಸಿ ಹೇಳಲಿ. ಪ್ರಶ್ನೆ ಕೇಳಿದ ಮಕ್ಕಳನ್ನು ಗದರಿಸುವುದು ಬೇಡ. ಊರಿನ ದೈವಸ್ಥಾನಕ್ಕೆಂದು ಸಂಗ್ರಹಿಸುವ ಹಣದಲ್ಲಿ ಹತ್ತರಲ್ಲಿ ಒಂದು ಪಾಲನ್ನು ಕೊರಗರ ಮಕ್ಕಳ ಕಾಲೇಜು ಶಿಕ್ಷಣಕ್ಕೆ ತೆಗೆದಿಡಬಹುದು. ಅದನ್ನು ಹೇಗೆ ಕೊಡಬೇಕೆಂದು ಇಲ್ಲಿ ಕುಳಿತು ತೀರ್ಮಾನಿಸದೆ, ಆ ಸಮುದಾಯದ ಸಂಘಟನೆಗಳನ್ನೇ ಕೇಳುವುದು ಒಳ್ಳೆಯದು. ವಾರ್ಷಿಕೋತ್ಸವದ ವೇದಿಕೆಗೆ ಪ್ರತಿವರ್ಷ ಊರಿನಿಂದ ಅತಿಥಿಗಳನ್ನು ಕರೆಸುವುದು ವಾಡಿಕೆ. ಒಂದು ವರ್ಷ ಪದವಿ ಪಡೆದ ಕೊರಗ ಯುವತಿಯನ್ನೋ ಯುವಕನನ್ನೋ ಕರೆಸಬಾರದೇಕೆ? ಡೋಲು ಬಾರಿಸಲು ಅಲ್ಲ, ಮುಖ್ಯ ಅತಿಥಿಯಾಗಿ ಮಾತನಾಡಲು.

ಅಷ್ಟು ದೂರ ಹೋಗುವ ಮೊದಲು ಕಟ್ಟಡದ ಕೆಳಗೂ ಒಮ್ಮೆ ನೋಡಬೇಕು. ಮೆಟ್ಟಿಲು ಗುಡಿಸುವವನಿಗೆ ಪ್ರಸಾದ ಸಿಗುವುದು ಎಲ್ಲರ ಜೊತೆಗೋ, ಎಲ್ಲರೂ ಎದ್ದುಹೋದ ಮೇಲೋ? ಅವನಿಗೆ ಚಹಾ ಕೊಡುವ ಲೋಟ ಯಾವುದು? ಹೊರೆ ಹೊತ್ತು ಬಾಗಿಲಲ್ಲಿ ನಿಂತವನ ಕಥೆ ಹಾಡುವ ಮನೆಗಳಲ್ಲಿ ಈ ಪ್ರಶ್ನೆ ಏಳಲೇಬೇಕು.

ಅಜ್ಜನಿಗೆ ಚಕ್ಕುಲಿ ಖಂಡಿತ ಕೊಡಲಿ, ಹರಕೆ ತೀರಿಸಲಿ. ಅದರ ಜೊತೆಗೆ ಅಜ್ಜನ ಮಕ್ಕಳ ಪುಸ್ತಕದ ಖರ್ಚೂ ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಒಂದು ವಿಷಯವಾಗಿ ಬರಲಿ. ದಹಿಸರ್‌ನ ಒಂದು ಮಂಡಳಿ ಮೊದಲ ಹೆಜ್ಜೆ ಇಟ್ಟರೆ ಬೊರಿವಲಿ, ಮೀರಾರೋಡ್‌ನವರು ಹಿಂದೆ ಬೀಳುವವರಲ್ಲ.